ಮಂದ್ರಧ್ವನಿಯ ಪೆಟ್ಟಿಗೆ: ವಿನ್ಯಾಸದ ತತ್ತ್ವ ಮತ್ತು ನಿರ್ಮಾಣ

ಧ್ವನಿವರ್ಧಕವೆಂದರೆ ಪೆಟ್ಟಿಗೆಯಲ್ಲಿ ಕೂರಿಸಿದ ಸ್ಪೀಕರ್ ಎಂಬುದು ರೂಢಿಯ ಗ್ರಹಿಕೆ. ಇದರ ಪ್ರಕಾರ ಸ್ಪೀಕರ್ ವಾದ್ಯ. ಪೆಟ್ಟಿಗೆ ಅದನ್ನು ಹೊತ್ತು ನಿಂತ ಕವಚ. ತಾರ ಧ್ವನಿಗಳ ಮಟ್ಟಿಗೆ ಈ ತಿಳಿವಳಿಕೆಯಿಂದ ಹೆಚ್ಚಿನ ಬಾಧಕವಿಲ್ಲ. ಆದರೆ 100 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಧ್ವನಿಯ ವಿಷಯದಲ್ಲಿ ಅದು ಪೂರ್ಣವಾಗಿ ತಪ್ಪು. ಅಲ್ಲಿ ಪೆಟ್ಟಿಗೆಯೊಳಗಿನ ಗಾಳಿಯೂ ಸ್ಪೀಕರಿನ ಪೊರೆಯಷ್ಟೇ ವಾದ್ಯದ ಅಂಗವಾಗಿರುತ್ತದೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನಲ್ಲಿಯೂ ಪಿಯಾನೋದ ಮೊದಲ ಮನೆ 27.5 ಹರ್ಟ್ಸ್‌ನಲ್ಲಿಯೂ ನುಡಿಯುತ್ತವೆ. ಡೊಳ್ಳಿನ ಮುದ್ರಿಕೆಯನ್ನು ಸಣ್ಣ ರೇಡಿಯೋದಲ್ಲಿ ಕೇಳಿದಾಗ ಕೋಲಿನ ಪೆಟ್ಟು ಕೇಳಿಸುತ್ತದೆ, ಎದೆಗೆ ತಾಗುವ ಗುಡುಗು ಕೇಳಿಸುವುದಿಲ್ಲ. ಆ ಗುಡುಗನ್ನು ಮರಳಿ ಪಡೆಯಬೇಕಾದರೆ ದೊಡ್ಡ ಸ್ಪೀಕರ್ ಮತ್ತು ಹೆಚ್ಚಿನ ವಾಟ್‌ಗಳಷ್ಟೇ ಸಾಲವು. ಲೆಕ್ಕಹಾಕಿ ಕಟ್ಟಿದ ಪೆಟ್ಟಿಗೆ ಬೇಕು.

ಈ ಲೆಕ್ಕ ಕೈಗೆ ಬಂದದ್ದು ಹೇಗೆ, ಅದರ ತಿರುಳೇನು, ಒಂದು ನಿರ್ದಿಷ್ಟ ಸ್ಪೀಕರಿಗೆ ಅದನ್ನು ಅನ್ವಯಿಸುವ ಕ್ರಮ ಯಾವುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪೆಟ್ಟಿಗೆಯ ಗಾತ್ರ, ಧ್ವನಿಯ ಆಳ ಮತ್ತು ದಕ್ಷತೆ ಈ ಮೂರನ್ನೂ ಒಟ್ಟಿಗೆ ಪಡೆಯಲಾಗದು. ಯಾವುದನ್ನು ಬಿಟ್ಟುಕೊಡಬೇಕೆಂದು ಮರ ಕೊಯ್ಯುವ ಮೊದಲೇ ನಿಶ್ಚಯಿಸುವುದೇ ವಿನ್ಯಾಸ ಎಂಬುದು ಇಲ್ಲಿಯ ಪ್ರತಿಪಾದನೆ.

ಪೆಟ್ಟಿಗೆಯ ಅಗತ್ಯ

ಸ್ಪೀಕರಿನ ಶಂಕುವಿನಾಕಾರದ ಪೊರೆ ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ವಿರಳವಾಗುತ್ತದೆ. 40 ಹರ್ಟ್ಸ್ ಧ್ವನಿಯ ತರಂಗದೂರ ಸುಮಾರು 8.6 ಮೀಟರ್. ಇದರ ಮುಂದೆ ಕಾಲು ಮೀಟರ್ ಅಗಲದ ಪೊರೆ ಅತ್ಯಲ್ಪ. ಮುಂದೆ ಒತ್ತಲ್ಪಟ್ಟ ಗಾಳಿ ಅಂಚನ್ನು ಸುತ್ತಿ ಹಿಂದಕ್ಕೆ ಹರಿದು ಅಲ್ಲಿಯ ಕೊರತೆಯನ್ನು ತುಂಬುತ್ತದೆ. ಪರಿಣಾಮವಾಗಿ ಎರಡು ಬದಿಯ ಧ್ವನಿಗಳು ಪರಸ್ಪರ ರದ್ದಾಗುತ್ತವೆ. ಬಯಲಿನಲ್ಲಿ ಕೈಯಲ್ಲಿ ಹಿಡಿದ ಸ್ಪೀಕರ್ ಎಷ್ಟು ಅದುರಿದರೂ ಮಂದ್ರ ಧ್ವನಿ ಹೊರಡದಿರುವುದಕ್ಕೆ ಇದೇ ಕಾರಣ. ಹಿಂಬದಿಯ ಧ್ವನಿಯನ್ನು ಮುಂಬದಿಯಿಂದ ಬೇರ್ಪಡಿಸುವುದು ಪೆಟ್ಟಿಗೆಯ ಮೊದಲ ಕೆಲಸ.

ಬೇರ್ಪಡಿಸಿದ ಕೂಡಲೇ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಈ ಸ್ಪ್ರಿಂಗ್ ಬಿಗಿಯಾಗುತ್ತದೆ, ಸ್ಪೀಕರಿನ ಸಹಜ ಅನುರಣನ ಆವೃತ್ತಿ ಮೇಲೇರುತ್ತದೆ, ಅದಕ್ಕಿಂತ ಕೆಳಗಿನ ಧ್ವನಿ ಕ್ಷೀಣಿಸುತ್ತದೆ. ನೀರು ತುಂಬುತ್ತಿರುವ ಕೊಡದ ಸದ್ದು ಕ್ರಮೇಣ ಏರುವುದು ಎಲ್ಲರೂ ಬಲ್ಲ ಸಂಗತಿ. ಒಳಗಿನ ಗಾಳಿಯ ಗಾತ್ರ ಕುಗ್ಗಿದಂತೆ ಅನುರಣನ ಮೇಲೇರುತ್ತದೆ. ಪೆಟ್ಟಿಗೆಯಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ.

ಮೂರನೆಯದು ಸ್ಥಳಾಂತರದ ಪ್ರಶ್ನೆ. ಒಂದೇ ಧ್ವನಿಮಟ್ಟವನ್ನು ಕಾಯ್ದುಕೊಂಡು ಆವೃತ್ತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಪೊರೆ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. ನೆಲದ ಮೇಲಿರುವ ಧ್ವನಿವರ್ಧಕದಿಂದ 1 ಮೀಟರ್ ದೂರದಲ್ಲಿ 100 ಡೆಸಿಬೆಲ್ ಮಟ್ಟ ದೊರೆಯಲು 50 ಹರ್ಟ್ಸ್‌ನಲ್ಲಿ ಪ್ರತಿ ಬದಿಗೆ ಸುಮಾರು 150 ಘನ ಸೆಂಟಿಮೀಟರ್ ಗಾಳಿ ಸರಿಯಬೇಕು. 25 ಹರ್ಟ್ಸ್‌ನಲ್ಲಿ 600 ಘನ ಸೆಂಟಿಮೀಟರ್. ಹತ್ತು ಅಂಗುಲದ ಸ್ಪೀಕರಿನ ಪೊರೆಯ ವಿಸ್ತೀರ್ಣ ಸುಮಾರು 330 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮೊದಲ ಸಂದರ್ಭದಲ್ಲಿ ಪೊರೆ 4.5 ಮಿಲಿಮೀಟರ್ ಮುಂದಕ್ಕೂ ಅಷ್ಟೇ ಹಿಂದಕ್ಕೂ ಚಲಿಸಿದರೆ ಸಾಕು. ಎರಡನೆಯದರಲ್ಲಿ 18 ಮಿಲಿಮೀಟರ್ ಚಲಿಸಬೇಕು. ಆಳದ ಧ್ವನಿ ದುಬಾರಿಯಾಗುವುದು ಇಲ್ಲಿಂದಲೇ.

ಚಾರಿತ್ರಿಕ ಹಿನ್ನೆಲೆ

ಇಂದು ಬಳಕೆಯಲ್ಲಿರುವ ಸುರುಳಿ ಮತ್ತು ಪೊರೆಯ ಸ್ಪೀಕರಿಗೆ ಸ್ಪಷ್ಟ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. 1925ರಲ್ಲಿ ಪ್ರಕಟವಾದ ಅವರ ಪ್ರಬಂಧವು, ತುತ್ತೂರಿಯ ನೆರವಿಲ್ಲದೆ ನೇರವಾಗಿ ಧ್ವನಿ ಹೊಮ್ಮಿಸುವ ಸಾಧನವನ್ನು ವಿವರಿಸಿತು. ಆ ಕಾಲದ ರೇಡಿಯೋಗಳಲ್ಲಿ ಸ್ಪೀಕರಿನ ಹಿಂಬದಿ ತೆರೆದೇ ಇರುತ್ತಿತ್ತು. ಪೀಠೋಪಕರಣದ ಮುಂಭಾಗದ ಹಲಗೆಯೇ ತಡೆಗೋಡೆಯಾಗಿತ್ತು.

ಹಿಂಬದಿಯ ಧ್ವನಿಯನ್ನು ವ್ಯರ್ಥಗೊಳಿಸದೆ ದುಡಿಸಿಕೊಳ್ಳುವ ಉಪಾಯವನ್ನು ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಸೂಚಿಸಿದರು. 1930ರಲ್ಲಿ ಸಲ್ಲಿಸಿದ ಅವರ ಅರ್ಜಿಗೆ 1932ರಲ್ಲಿ ಪೇಟೆಂಟ್ ದೊರೆಯಿತು. ಪೆಟ್ಟಿಗೆಗೆ ಒಂದು ನಾಳವನ್ನು ಅಳವಡಿಸಿದರೆ ನಾಳದೊಳಗಿನ ಗಾಳಿಯ ರಾಶಿಯೂ ಪೆಟ್ಟಿಗೆಯ ಗಾಳಿಯ ಸ್ಪ್ರಿಂಗೂ ಸೇರಿ ಒಂದು ನಿಶ್ಚಿತ ಆವೃತ್ತಿಯಲ್ಲಿ ಅನುರಣಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಅಧ್ಯಯನ ಮಾಡಿದ ಅನುರಣಕವೇ ಇದು. ಕರ್ನಾಟಕ ಸಂಗೀತ ಕಛೇರಿಯಲ್ಲಿ ಘಟದ ವಾದಕರು ಅದರ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ಮಂದ್ರ ನಾದವನ್ನು ಬಾಗಿಸುವುದೂ ಇದೇ ಅನುರಣನವನ್ನು ಬದಲಿಸುವ ಕ್ರಿಯೆ. ನಾಳದಿಂದ ಹೊರಡುವ ಧ್ವನಿ ಆ ಆವೃತ್ತಿಯ ಆಸುಪಾಸಿನಲ್ಲಿ ಪೊರೆಯ ಧ್ವನಿಗೆ ಪೂರಕವಾಗುತ್ತದೆ. ಈ ಬಗೆಯ ಪೆಟ್ಟಿಗೆ ಮುಂದೆ ಬಾಸ್ ರಿಫ್ಲೆಕ್ಸ್ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂತು.

1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಅವರು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಆರಂಭಿಸಿ ಬೇರೊಂದು ದಾರಿ ಹಿಡಿದರು. ಅದುವರೆಗೆ ಪೊರೆಯನ್ನು ಹಿಂದಕ್ಕೆಳೆಯುವ ಕೆಲಸವನ್ನು ಬಟ್ಟೆ ಮತ್ತು ಕಾಗದದ ಬಿಗಿ ಅಂಚುಗಳೇ ಮಾಡುತ್ತಿದ್ದವು. ಚಲನೆ ಹೆಚ್ಚಾದಾಗ ಅವು ಸಮಪ್ರಮಾಣದಲ್ಲಿ ವರ್ತಿಸದೆ ಧ್ವನಿ ವಿಕೃತವಾಗುತ್ತಿತ್ತು. ವಿಲ್ಚರ್ ಅವರು ಅಂಚನ್ನು ಬಹಳ ಸಡಿಲಗೊಳಿಸಿ, ಸಣ್ಣ ಮುಚ್ಚಿದ ಪೆಟ್ಟಿಗೆಯ ಗಾಳಿಗೇ ಸ್ಪ್ರಿಂಗಿನ ಕೆಲಸವನ್ನು ವಹಿಸಿದರು. ಹನ್ನೆರಡು ಅಂಗುಲದ ಸ್ಪೀಕರ್ ಹೊಂದಿದ್ದ ಎ.ಆರ್.-1 ಮಾದರಿ ಕಪಾಟಿನಲ್ಲಿಡಬಹುದಾದಷ್ಟು ಚಿಕ್ಕದಾಗಿದ್ದೂ ಆಳವಾದ ಧ್ವನಿಯನ್ನು ಶುದ್ಧವಾಗಿ ಕೊಟ್ಟಿತು. ಅದಕ್ಕೆ ತೆತ್ತ ಬೆಲೆ ದಕ್ಷತೆ; ಅದನ್ನು ನುಡಿಸಲು ಹೆಚ್ಚು ಶಕ್ತಿಯ ಆಂಪ್ಲಿಫಯರ್ ಬೇಕಾಯಿತು.

ಹತ್ತು ವರ್ಷ ಮೂಲೆಯಲ್ಲಿದ್ದ ಪ್ರಬಂಧ

ಮುಚ್ಚಿದ ಪೆಟ್ಟಿಗೆಯ ಲೆಕ್ಕ ಸರಳವಾದುದು. ನಾಳದ ಪೆಟ್ಟಿಗೆಯಲ್ಲಿ ಸ್ಪೀಕರಿನ ಸಹಜ ಆವೃತ್ತಿ, ಅದರ ತಡೆಯ ಪ್ರಮಾಣ, ಪೆಟ್ಟಿಗೆಯ ಗಾತ್ರ, ನಾಳದ ಶ್ರುತಿ ಎಲ್ಲವೂ ಪರಸ್ಪರ ಹೆಣೆದುಕೊಂಡಿರುತ್ತವೆ. 1950ರ ದಶಕದಲ್ಲಿ ತಯಾರಕರು ನಾಳವನ್ನು ಕತ್ತರಿಸುತ್ತ, ಕಿವಿಯಿಂದ ಕೇಳುತ್ತ ಅಂದಾಜಿನಲ್ಲಿ ಹೊಂದಿಸುವುದು ಸಾಮಾನ್ಯವಾಗಿತ್ತು. ಒಂದೇ ಸ್ವರದಲ್ಲಿ ಗುಂಯ್‌ಗುಡುವ ಪೆಟ್ಟಿಗೆ ಎಂಬ ಅಪಖ್ಯಾತಿ ಬಾಸ್ ರಿಫ್ಲೆಕ್ಸಿಗೆ ಅಂಟಿಕೊಂಡದ್ದು ಇದರಿಂದಲೇ. 1959ರಲ್ಲಿ ಜೆನ್ಸನ್ ಸಂಸ್ಥೆಯ ಜೇಮ್ಸ್ ನೊವಾಕ್ ಈ ಸಮಸ್ಯೆಯನ್ನು ಗಣಿತದ ಹಾದಿಗೆ ತಂದರು.

ನಿರ್ಣಾಯಕವಾದ ಹೆಜ್ಜೆಯನ್ನು ಇಟ್ಟವರು ಆಸ್ಟ್ರೇಲಿಯದ ನೆವಿಲ್ ಥೀಲೆ. 1961ರಲ್ಲಿ ಆ ದೇಶದ ರೇಡಿಯೋ ಎಂಜಿನಿಯರುಗಳ ಸಂಸ್ಥೆಯ ನಿಯತಕಾಲಿಕದಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅದರ ತಿರುಳು ಇದು: ಪೊರೆಯ ರಾಶಿ, ಗಾಳಿಯ ಸ್ಥಿತಿಸ್ಥಾಪಕತ್ವ ಹಾಗೂ ಘರ್ಷಣೆಗಳನ್ನು ವಿದ್ಯುನ್ಮಂಡಲದ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್‌ಗಳಿಗೆ ಸಮೀಕರಿಸಿದರೆ, ಇಡೀ ಧ್ವನಿವರ್ಧಕವು ಕೆಳಗಿನ ಆವೃತ್ತಿಗಳನ್ನು ತಡೆಯುವ ಒಂದು ಫಿಲ್ಟರ್ ಆಗಿ ಕಾಣುತ್ತದೆ. ಮುಚ್ಚಿದ ಪೆಟ್ಟಿಗೆ ಎರಡನೆಯ ದರ್ಜೆಯ ಫಿಲ್ಟರ್. ನಾಳದ ಪೆಟ್ಟಿಗೆ ನಾಲ್ಕನೆಯ ದರ್ಜೆಯದು. ಸ್ಟೀಫನ್ ಬಟರ್‌ವರ್ತ್ ಅವರು 1930ರಲ್ಲಿ ವಿವರಿಸಿದ ಸಮತಲ ಪ್ರತಿಕ್ರಿಯೆಯ ಫಿಲ್ಟರ್ ಮೊದಲ್ಗೊಂಡು ಎಂಜಿನಿಯರುಗಳು ಆಗಲೇ ಬಲ್ಲ ಜ್ಞಾನವೆಲ್ಲ ಹೀಗೆ ಮರದ ಪೆಟ್ಟಿಗೆಗೆ ಅನ್ವಯಿಸುವಂತಾಯಿತು. ಥೀಲೆಯವರು 28 ಬಗೆಯ ಹೊಂದಾಣಿಕೆಗಳ ಪಟ್ಟಿಯನ್ನೇ ಕೊಟ್ಟರು. ಪಟ್ಟಿಯನ್ನು ನೋಡಿ ಗಾತ್ರವನ್ನೂ ಶ್ರುತಿಯನ್ನೂ ಓದಿಕೊಳ್ಳುವುದಷ್ಟೇ ಉಳಿದ ಕೆಲಸ.

ಆದರೆ ಈ ಪ್ರಬಂಧ ಒಂದು ದಶಕದವರೆಗೆ ಹೊರಜಗತ್ತಿನ ಗಮನಕ್ಕೆ ಹೆಚ್ಚಾಗಿ ಬರಲಿಲ್ಲ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಅಮೆರಿಕದ ರಿಚರ್ಡ್ ಸ್ಮಾಲ್ ಆ ಕೆಲಸವನ್ನು ವಿಸ್ತರಿಸಿದರು. 1971ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಥೀಲೆಯವರ ಪ್ರಬಂಧವನ್ನು ಮರುಮುದ್ರಿಸಿತು. 1972 ಮತ್ತು 1973ರಲ್ಲಿ ಅದೇ ಪತ್ರಿಕೆಯಲ್ಲಿ ಸ್ಮಾಲ್ ಅವರ ಪ್ರಬಂಧಮಾಲೆ ಪ್ರಕಟವಾಯಿತು. ಅಂದಿನಿಂದ ಸ್ಪೀಕರಿನ ಗುಣಗಳನ್ನು ಸೂಚಿಸುವ ಅಳತೆಗಳಿಗೆ ಥೀಲೆ–ಸ್ಮಾಲ್ ಗುಣಾಂಕಗಳೆಂದೇ ಹೆಸರು. ಜ್ಞಾನ ಹುಟ್ಟುವುದು ಒಂದು, ಅದು ಬಳಸುವವರ ಕೈ ಸೇರುವುದು ಇನ್ನೊಂದು ಎಂಬುದಕ್ಕೆ ಈ ಪ್ರಕರಣ ಉತ್ತಮ ನಿದರ್ಶನ. ಕಸುಬುದಾರನ ಅಂದಾಜು ಆ ಹತ್ತು ವರ್ಷ ಮುಂದುವರಿದದ್ದು ಲೆಕ್ಕ ಇಲ್ಲದ್ದರಿಂದಲ್ಲ, ಅದು ದೂರದ ಪತ್ರಿಕೆಯೊಂದರ ಪುಟಗಳಲ್ಲಿ ಉಳಿದದ್ದರಿಂದ.

ಮೂರು ಅಳತೆಗಳು

ಪೆಟ್ಟಿಗೆಯ ವಿನ್ಯಾಸಕ್ಕೆ ಸ್ಪೀಕರಿನ ಮೂರು ಗುಣಾಂಕಗಳು ಮುಖ್ಯ. ಮೊದಲನೆಯದು, ಪೆಟ್ಟಿಗೆಯಿಲ್ಲದೆ ಬಿಡಿಯಾಗಿರುವಾಗಿನ ಸಹಜ ಅನುರಣನ ಆವೃತ್ತಿ. ಎರಡನೆಯದು ಒಟ್ಟು ಕ್ಯೂ ಮೌಲ್ಯ. ಅನುರಣನವು ಎಷ್ಟು ಬೇಗ ತಣಿಯುತ್ತದೆ ಎಂಬುದನ್ನು ಇದು ಸೂಚಿಸುತ್ತದೆ. ಅಯಸ್ಕಾಂತ ಬಲವಾಗಿದ್ದಷ್ಟೂ ಕ್ಯೂ ಕಡಿಮೆ. ಮೂರನೆಯದು ಸಮಾನ ಗಾತ್ರ. ಸ್ಪೀಕರಿನ ಅಂಚಿನ ಬಿಗುವಿಗೆ ಸಮನಾದ ಬಿಗುವುಳ್ಳ ಗಾಳಿಯ ಗಾತ್ರವನ್ನು ಲೀಟರುಗಳಲ್ಲಿ ಹೇಳುವ ಸಂಖ್ಯೆ ಇದು.

ಇವುಗಳನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಆವೃತ್ತಿಯನ್ನು ಬದಲಿಸಬಲ್ಲ ಒಂದು ಸಂಕೇತ ಮೂಲ, ಸರಣಿಯಲ್ಲಿ ಜೋಡಿಸಿದ ಒಂದು ರೆಸಿಸ್ಟರ್, ಒಂದು ವೋಲ್ಟ್‌ಮೀಟರ್ ಸಾಕು. ಉದಾಹರಣೆಗೆ ಹತ್ತು ಅಂಗುಲದ ಸ್ಪೀಕರೊಂದರ ಸುರುಳಿಯ ರೋಧ 6 ಓಮ್ ಇದ್ದು, ಆವೃತ್ತಿಯನ್ನು ಏರಿಸುತ್ತ ಹೋದಾಗ 25 ಹರ್ಟ್ಸ್‌ನಲ್ಲಿ ಇಂಪೀಡೆನ್ಸ್ ಗರಿಷ್ಠ 79 ಓಮ್ ಮುಟ್ಟಿತೆಂದು ಭಾವಿಸೋಣ. 25 ಹರ್ಟ್ಸ್ ಅದರ ಸಹಜ ಆವೃತ್ತಿ. ಶಿಖರದ ಎರಡು ಪಕ್ಕಗಳಲ್ಲಿ ಇಂಪೀಡೆನ್ಸ್ 21.8 ಓಮ್‌ಗೆ ಇಳಿಯುವ ಸ್ಥಾನಗಳು 17.5 ಮತ್ತು 35.6 ಹರ್ಟ್ಸ್ ಆಗಿದ್ದರೆ, ಒಟ್ಟು ಕ್ಯೂ 0.38 ಎಂದು ಲೆಕ್ಕ ಸಿಗುತ್ತದೆ. ಬಳಿಕ ಪೊರೆಗೆ 40 ಗ್ರಾಂ ಜೇಡಿಯನ್ನು ಸಮವಾಗಿ ಅಂಟಿಸಿದಾಗ ಸಹಜ ಆವೃತ್ತಿ 20.1 ಹರ್ಟ್ಸ್‌ಗೆ ಇಳಿದರೆ, ಚಲಿಸುವ ಭಾಗದ ರಾಶಿ ಸುಮಾರು 73 ಗ್ರಾಂ ಎಂದೂ ಅದರಿಂದ ಸಮಾನ ಗಾತ್ರ ಸುಮಾರು 85 ಲೀಟರ್ ಎಂದೂ ತಿಳಿಯುತ್ತದೆ. ಮುಂದಿನ ಲೆಕ್ಕಗಳೆಲ್ಲ ಈ ಸ್ಪೀಕರಿಗೇ ಸಂಬಂಧಿಸಿದವು.

ಒಂದೇ ಸ್ಪೀಕರ್, ಎರಡು ಪೆಟ್ಟಿಗೆ

ಮುಚ್ಚಿದ ಪೆಟ್ಟಿಗೆಯ ಸೂತ್ರ ಹೀಗಿದೆ. ಸಮಾನ ಗಾತ್ರವನ್ನು ಪೆಟ್ಟಿಗೆಯ ಗಾತ್ರದಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆಯಬೇಕು. ದೊರೆತ ಸಂಖ್ಯೆಯಷ್ಟು ಪಟ್ಟು ಸ್ಪೀಕರಿನ ಸಹಜ ಆವೃತ್ತಿಯೂ ಏರುತ್ತದೆ, ಕ್ಯೂ ಮೌಲ್ಯವೂ ಏರುತ್ತದೆ. ಉಬ್ಬುತಗ್ಗಿಲ್ಲದ ಸಮತಲ ಪ್ರತಿಕ್ರಿಯೆಗೆ ಅಂತಿಮ ಕ್ಯೂ 0.707 ಇರಬೇಕು. 0.38ನ್ನು 0.707ಕ್ಕೆ ಏರಿಸಬೇಕಾದರೆ 1.86 ಪಟ್ಟು, ಇದಕ್ಕೆ ಬೇಕಾದ ಗಾತ್ರ 34.5 ಲೀಟರ್. ಅನುರಣನ 25ರಿಂದ 46.5 ಹರ್ಟ್ಸ್‌ಗೆ ಏರುತ್ತದೆ. ಅಲ್ಲಿ ಧ್ವನಿ 3 ಡೆಸಿಬೆಲ್ ಕುಗ್ಗಿ, ಕೆಳಗೆ ಪ್ರತಿ ಸ್ಥಾಯಿಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ.

ಇದೇ ಸ್ಪೀಕರನ್ನು ನಾಳದ ಪೆಟ್ಟಿಗೆಯಲ್ಲಿಟ್ಟರೆ ಚಿತ್ರ ಬದಲಾಗುತ್ತದೆ. ಥೀಲೆಯವರ ಪಟ್ಟಿಯ ಬಟರ್‌ವರ್ತ್ ಹೊಂದಾಣಿಕೆಗೆ ಸ್ಪೀಕರಿನ ಕ್ಯೂ 0.383 ಇರಬೇಕು, ಇಲ್ಲಿಯದು ಅದಕ್ಕೆ ಬಹಳ ಸಮೀಪ. ಆಗ ಪೆಟ್ಟಿಗೆಯ ಗಾತ್ರ ಸಮಾನ ಗಾತ್ರದ 1.414ನೆಯ ಒಂದು ಭಾಗ, ಅಂದರೆ 60 ಲೀಟರ್. ನಾಳದ ಶ್ರುತಿ ಸಹಜ ಆವೃತ್ತಿಯಷ್ಟೇ, ಅಂದರೆ 25 ಹರ್ಟ್ಸ್. ಧ್ವನಿ 3 ಡೆಸಿಬೆಲ್ ಕುಗ್ಗುವುದೂ 25 ಹರ್ಟ್ಸ್‌ನಲ್ಲಿಯೇ. ಸೋರಿಕೆಯಿಲ್ಲದ ಆದರ್ಶ ಪೆಟ್ಟಿಗೆಯ ಲೆಕ್ಕವಿದು. ನಿಜದ ಪೆಟ್ಟಿಗೆಯಲ್ಲಿ ಸ್ವಲ್ಪ ನಷ್ಟ ಇದ್ದೇ ಇರುತ್ತದೆ.

ಗಾತ್ರ ಎರಡು ಪಟ್ಟಿಗಿಂತ ಕಡಿಮೆ ಬೆಳೆದು, ಆಳ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಇಳಿದಿದೆ. ಆದರೆ ಇದು ಪುಕ್ಕಟೆಯಲ್ಲ. ನಾಳದ ಪೆಟ್ಟಿಗೆಯಲ್ಲಿ ಧ್ವನಿ ಪ್ರತಿ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಕಡಿದಾಗಿ ಇಳಿಯುತ್ತದೆ. ಶ್ರುತಿಗಿಂತ ಕೆಳಗೆ ಗಾಳಿಯ ಸ್ಪ್ರಿಂಗಿನ ಆಸರೆ ತಪ್ಪಿ ಪೊರೆ ಅಂಕೆಯಿಲ್ಲದೆ ಅದುರುತ್ತದೆ; ಗ್ರಾಮಫೋನ್ ತಟ್ಟೆಯ ಓರೆಕೋರೆಯಂಥ ಕಾರಣದಿಂದ ಬರುವ ಕೇಳಿಸದ ಕಂಪನಗಳೂ ಸುರುಳಿಯನ್ನು ಕೆಡಿಸಬಲ್ಲವು. ಆದ್ದರಿಂದ ಅಂಥ ಸಂಕೇತಗಳನ್ನು ಆಂಪ್ಲಿಫಯರಿಗೆ ಮೊದಲೇ ತಡೆಯುವುದು ವಿಹಿತ.

ಹಾಗಾದರೆ ಸಣ್ಣ ಪೆಟ್ಟಿಗೆಯಲ್ಲೇ ವಿದ್ಯುತ್ ತಿದ್ದುಪಡಿಯಿಂದ ಆಳವನ್ನು ಪಡೆಯಬಾರದೇಕೆ? ಪಡೆಯಬಹುದು. ಇಂದಿನ ಅನೇಕ ಪುಟ್ಟ ಸಬ್‌ವೂಫರ್‌ಗಳು ಮಾಡುವುದು ಇದನ್ನೇ. ಆದರೆ ಮುಚ್ಚಿದ ಪೆಟ್ಟಿಗೆಯನ್ನು ಒಂದು ಸ್ಥಾಯಿ ಕೆಳಗೆ ಎಳೆಯಬೇಕಾದರೆ ಅಲ್ಲಿ 12 ಡೆಸಿಬೆಲ್ ಹೆಚ್ಚಿಸಬೇಕು; ಎಂದರೆ ಸುಮಾರು 16 ಪಟ್ಟು ವಿದ್ಯುತ್ ಶಕ್ತಿ, 4 ಪಟ್ಟು ಪೊರೆಯ ಚಲನೆ. ದಕ್ಷತೆಯಾದರೋ ಮೊದಲೇ ಅಲ್ಪ. ಇಲ್ಲಿ ಉದಾಹರಿಸಿದ ಸ್ಪೀಕರಿನ ದಕ್ಷತೆ ಸುಮಾರು ಶೇ. 0.3. ನೂರು ವಾಟ್ ವಿದ್ಯುತ್ತಿನಲ್ಲಿ ಧ್ವನಿಯಾಗುವುದು ಒಂದು ವಾಟಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಉಳಿದದ್ದು ಸುರುಳಿಯಲ್ಲಿ ಶಾಖವಾಗುತ್ತದೆ.

ಈ ಕೊಡುಕೊಳ್ಳುವಿಕೆಯನ್ನು ಜೆ. ಆ್ಯಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಕಬ್ಬಿಣದ ನಿಯಮ ಎಂದು ಕರೆಯುವುದುಂಟು. ದಕ್ಷತೆಯು ಪೆಟ್ಟಿಗೆಯ ಗಾತ್ರಕ್ಕೂ ಕೆಳಮಿತಿಯ ಆವೃತ್ತಿಯ ಘನಕ್ಕೂ ಅನುಪಾತದಲ್ಲಿರುತ್ತದೆ. ಕೆಳಮಿತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಗಾತ್ರ ಎಂಟು ಪಟ್ಟಾಗಬೇಕು, ಇಲ್ಲವೆ ದಕ್ಷತೆ ಎಂಟನೆಯ ಒಂದು ಭಾಗಕ್ಕೆ ಇಳಿಯಬೇಕು. ನಾಳದಂಥ ಉಪಾಯಗಳು ಈ ಲೆಕ್ಕದ ಸ್ಥಿರಾಂಕವನ್ನು ಸುಧಾರಿಸುತ್ತವೆ, ನಿಯಮವನ್ನು ಮೀರುವುದಿಲ್ಲ.

ನಾಳದ ಸಮಸ್ಯೆ

ನಾಳದ ಉದ್ದವೂ ಲೆಕ್ಕದಿಂದಲೇ ನಿರ್ಧಾರವಾಗುತ್ತದೆ. 60 ಲೀಟರ್ ಪೆಟ್ಟಿಗೆಯನ್ನು 25 ಹರ್ಟ್ಸ್‌ಗೆ ಶ್ರುತಿಗೊಳಿಸಲು 7.5 ಸೆಂಟಿಮೀಟರ್ ಒಳವ್ಯಾಸದ ಕೊಳವೆಯಾದರೆ ಸುಮಾರು 30 ಸೆಂಟಿಮೀಟರ್ ಉದ್ದ ಬೇಕು. 10 ಸೆಂಟಿಮೀಟರ್ ಒಳವ್ಯಾಸದ್ದಾದರೆ ಸುಮಾರು 55 ಸೆಂಟಿಮೀಟರ್. ಕೊಳವೆಯ ಎರಡು ಬಾಯಿಗಳ ಆಚೆಗೂ ಸ್ವಲ್ಪ ಗಾಳಿ ಜೊತೆಗೆ ಚಲಿಸುವುದರಿಂದ ಆ ತಿದ್ದುಪಡಿಯನ್ನು ಕಳೆದು ಬಂದ ಅಳತೆಗಳಿವು.

ಚಿಕ್ಕ ಕೊಳವೆ ಸುಲಭವಾಗಿ ಹಿಡಿಸುತ್ತದೆ ಎಂದು ಅದನ್ನೇ ಆರಿಸುವುದು ಸಾಮಾನ್ಯ ತಪ್ಪು. ಶ್ರುತಿಯ ಆವೃತ್ತಿಯಲ್ಲಿ ಪೊರೆ ಬಹುತೇಕ ನಿಶ್ಚಲವಾಗಿದ್ದು ಧ್ವನಿಯೆಲ್ಲ ನಾಳದಿಂದಲೇ ಬರುತ್ತದೆ. 25 ಹರ್ಟ್ಸ್‌ನಲ್ಲಿ 100 ಡೆಸಿಬೆಲ್ ಮಟ್ಟಕ್ಕೆ ಬೇಕಾದ 600 ಘನ ಸೆಂಟಿಮೀಟರ್ ಗಾಳಿ ಚಿಕ್ಕ ಕೊಳವೆಯ ಮೂಲಕ ಸೆಕೆಂಡಿಗೆ 21 ಮೀಟರ್ ಗರಿಷ್ಠ ವೇಗದಲ್ಲಿ ನುಗ್ಗುತ್ತದೆ. ದೊಡ್ಡದರಲ್ಲಿ 12 ಮೀಟರ್. ವೇಗ ಸುಮಾರು 17 ಮೀಟರ್ ದಾಟಿದರೆ ಬಾಯಿಯ ಅಂಚಿನಲ್ಲಿ ಗಾಳಿ ಸುಳಿಗೊಂಡು ಸಿಳ್ಳು, ಬುಸುಗುಟ್ಟುವ ಸದ್ದು ಹೊರಡುತ್ತದೆ ಎಂಬುದು ವಿನ್ಯಾಸಕಾರರು ಅನುಸರಿಸುವ ಅಂದಾಜು. ಆದ್ದರಿಂದ ದೊಡ್ಡ ಕೊಳವೆಯೇ ಯೋಗ್ಯ. ಅದು ನೇರವಾಗಿ ಹಿಡಿಸದಿದ್ದರೆ ಒಳಗೆ ಒಂದು ಮೊಣಕೈ ಜೋಡಿಸಿ ಬಾಗಿಸಬಹುದು. ಆಗ ಉದ್ದವನ್ನು ಕೊಳವೆಯ ನಡುಗೆರೆಯ ಮೇಲೆ ಅಳೆಯಬೇಕು. ಒಳಬಾಯಿಗೂ ಎದುರಿನ ಹಲಗೆಗೂ ಕನಿಷ್ಠ ಕೊಳವೆಯ ವ್ಯಾಸದಷ್ಟು ಅಂತರ ಇರಬೇಕು. ಬಾಯಿಯ ಅಂಚುಗಳನ್ನು ದುಂಡಾಗಿಸಿದರೆ ಸದ್ದು ಇನ್ನೂ ತಗ್ಗುತ್ತದೆ.

ನಿರ್ಮಾಣದ ಕ್ರಮ

60 ಲೀಟರ್ ಎಂಬುದು ಗಾಳಿಯ ನಿವ್ವಳ ಗಾತ್ರ. 55 ಸೆಂಟಿಮೀಟರ್ ಉದ್ದದ ಕೊಳವೆ ತಾನೇ ಸುಮಾರು 5.2 ಲೀಟರ್ ಜಾಗ ತಿನ್ನುತ್ತದೆ. ಸ್ಪೀಕರಿನ ಹಿಂಭಾಗಕ್ಕೆ 2.5 ಲೀಟರ್, ಒಳಗಿನ ಅಡ್ಡಪಟ್ಟಿಗಳಿಗೆ 2.3 ಲೀಟರ್ ಎಂದು ಹಿಡಿದರೆ ಒಟ್ಟು 70 ಲೀಟರ್. ಒಳ ಅಳತೆ 36, 38 ಮತ್ತು 51 ಸೆಂಟಿಮೀಟರ್ ಇಟ್ಟುಕೊಂಡರೆ ಈ ಗಾತ್ರ ದೊರೆಯುತ್ತದೆ. 18 ಮಿಲಿಮೀಟರ್ ದಪ್ಪದ ಹಲಗೆಯಿಂದ ಮಾಡಿದಾಗ ಹೊರ ಅಳತೆ 39.6, 41.6 ಮತ್ತು 54.6 ಸೆಂಟಿಮೀಟರ್ ಆಗುತ್ತದೆ.

ಪೆಟ್ಟಿಗೆಯ ಆಕಾರದ ಬಗೆಗೆ ಅನೇಕ ನಂಬಿಕೆಗಳಿವೆ. ಮಂದ್ರ ಧ್ವನಿಯ ಮಟ್ಟಿಗೆ ಅವಕ್ಕೆ ಆಧಾರವಿಲ್ಲ. 51 ಸೆಂಟಿಮೀಟರ್ ಉದ್ದದ ಒಳಾವಕಾಶದಲ್ಲಿ ಮೊದಲ ಸ್ಥಾಯೀ ತರಂಗ ಏಳುವುದು ಸುಮಾರು 336 ಹರ್ಟ್ಸ್‌ನಲ್ಲಿ. 100 ಹರ್ಟ್ಸ್‌ಗಿಂತ ಕೆಳಗೆ ಒಳಗಿನ ಒತ್ತಡ ಎಲ್ಲೆಡೆಯೂ ಬಹುತೇಕ ಒಂದೇ ಆಗಿರುವುದರಿಂದ ಲೆಕ್ಕಕ್ಕೆ ಬರುವುದು ಗಾತ್ರವೇ ಹೊರತು ಆಕಾರವಲ್ಲ.

ಲೆಕ್ಕಕ್ಕೆ ಬರುವ ಇನ್ನೊಂದು ಸಂಗತಿ ಗೋಡೆಗಳ ಬಿಗುವು. 34.5 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಪೊರೆ 8 ಮಿಲಿಮೀಟರ್ ಒಳಕ್ಕೆ ಸರಿದರೆ ಗಾಳಿ ಶೇ. 0.77ರಷ್ಟು ಕುಗ್ಗಿ, ಒತ್ತಡ ಸುಮಾರು 1,085 ಪಾಸ್ಕಲ್ ಏರುತ್ತದೆ. 32 ಸೆಂಟಿಮೀಟರ್ ಅಗಲ, 36 ಸೆಂಟಿಮೀಟರ್ ಎತ್ತರದ ಪಕ್ಕದ ಹಲಗೆಯ ಮೇಲೆ ಇದು ಹನ್ನೆರಡು ಹದಿಮೂರು ಕಿಲೋಗ್ರಾಂ ತೂಕದಷ್ಟು ಬಲ. ಸೆಕೆಂಡಿಗೆ ಹಲವಾರು ಬಾರಿ ಅಷ್ಟು ಬಲ ಹಲಗೆಯನ್ನು ಹೊರಕ್ಕೆ ನೂಕಿ ಒಳಕ್ಕೆ ಎಳೆಯುತ್ತದೆ. ಹಲಗೆ ಅದುರಿದರೆ ಅದೂ ಒಂದು ಬೇಡದ ಸ್ಪೀಕರೇ. ದಪ್ಪವನ್ನು ಇಮ್ಮಡಿಸಿದರೆ ಹಲಗೆಯ ಸಹಜ ಆವೃತ್ತಿ ಎರಡು ಪಟ್ಟಾಗುತ್ತದೆ, ತೂಕವೂ ಎರಡು ಪಟ್ಟಾಗುತ್ತದೆ. ಅದೇ ಹಲಗೆಯ ನಡುವೆ ಅಡ್ಡಪಟ್ಟಿ ಕೊಟ್ಟು ಆಸರೆಗಳ ಅಂತರವನ್ನು ಅರ್ಧ ಮಾಡಿದರೆ ಸಹಜ ಆವೃತ್ತಿ ನಾಲ್ಕು ಪಟ್ಟಿನವರೆಗೆ ಏರಬಲ್ಲದು, ತೂಕ ಹೆಚ್ಚುವುದು ಅಲ್ಪ. ಎದುರುಬದುರು ಹಲಗೆಗಳನ್ನು ಸೇರಿಸುವ, ನಡುವೆ ದೊಡ್ಡ ಕಂಡಿಗಳುಳ್ಳ ಚೌಕಟ್ಟೇ ಉತ್ತಮ ಆಸರೆ.

ಹಲಗೆಗೆ ಎಂ.ಡಿ.ಎಫ್. ಅಥವಾ ಪ್ಲೈವುಡ್ ಬಳಕೆಯಲ್ಲಿದೆ. ಎಂ.ಡಿ.ಎಫ್. ಸಮಸಾಂದ್ರವಾಗಿದ್ದು ಕೊಯ್ಯಲು ಸುಲಭ. ಆದರೆ ಅದರ ಕೊಯ್ದ ಅಂಚು ತೇವವನ್ನು ಹೀರಿ ಉಬ್ಬುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇದು ಚಿಕ್ಕ ಸಮಸ್ಯೆಯಲ್ಲ. ಅಂಥಲ್ಲಿ ಅಂಚುಗಳಿಗೆ ಬಣ್ಣವನ್ನೋ ಅರಗನ್ನೋ ಪೂರ್ಣವಾಗಿ ಲೇಪಿಸಬೇಕು, ಇಲ್ಲವೆ ತೇವ ತಾಳುವ ಉತ್ತಮ ದರ್ಜೆಯ ಪ್ಲೈವುಡ್ ಬಳಸಬೇಕು. ಪದರಗಳ ನಡುವೆ ಪೊಳ್ಳಿರುವ ಅಗ್ಗದ ಪ್ಲೈವುಡ್ ಕಂಪನಕ್ಕೆ ಗಲಗಲ ಸದ್ದು ಮಾಡುವುದರಿಂದ ವರ್ಜ್ಯ. ಕೂಡುಗಳಿಗೆ ಅಂಟನ್ನು ಉದ್ದಕ್ಕೂ ಎಡೆಬಿಡದೆ ಹಚ್ಚಿ ಬಿಗಿಹಿಡಿಯಬೇಕು. ತಿರುಪುಗಳು ಅಂಟು ಒಣಗುವವರೆಗೆ ಹಿಡಿದಿಡುವ ಸಹಾಯಕಗಳಷ್ಟೇ. ಸ್ಪೀಕರಿನ ಅಂಚಿಗೂ ಹಲಗೆಗೂ ನಡುವೆ ಫೋಮ್ ಅಥವಾ ರಬ್ಬರಿನ ಪಟ್ಟಿ ಇರಲೇಬೇಕು. ತಂತಿ ಹೊರಬರುವ ರಂಧ್ರವನ್ನೂ ಮುಚ್ಚಬೇಕು.

ಒಳಗೆ ತುಂಬುವ ನಾರಿನ ಪಾತ್ರ ಎರಡು ಪೆಟ್ಟಿಗೆಗಳಲ್ಲಿ ಭಿನ್ನ. ಮುಚ್ಚಿದ ಪೆಟ್ಟಿಗೆಯಲ್ಲಿ ಪಾಲಿಯೆಸ್ಟರ್ ನಾರು ಗಾಳಿಯ ಶಾಖವನ್ನು ಹೀರಿ ಬಿಟ್ಟು ಮಾಡುತ್ತದೆ. ಇದರಿಂದ ಸ್ಪ್ರಿಂಗ್ ಮೃದುವಾಗಿ ಪೆಟ್ಟಿಗೆ ದೊಡ್ಡದಾದಂತೆ ವರ್ತಿಸುತ್ತದೆ. ಸಿದ್ಧಾಂತದ ಪ್ರಕಾರ ಗರಿಷ್ಠ ಲಾಭ ಶೇ. 40, ವಾಸ್ತವದಲ್ಲಿ ದೊರೆಯುವುದು ಅದಕ್ಕಿಂತ ಕಡಿಮೆ. ನಾಳದ ಪೆಟ್ಟಿಗೆಯಲ್ಲಿ ಗೋಡೆಗಳಿಗೆ ತೆಳುವಾದ ಅಸ್ತರಿ ಸಾಕು. ನಾಳದ ಬಾಯಿಗೆ ನಾರು ಅಡ್ಡ ಬಂದರೆ ಅನುರಣನವೇ ಕುಂದುತ್ತದೆ.

ಪರೀಕ್ಷೆ

ಕಟ್ಟಿದ ಪೆಟ್ಟಿಗೆ ಲೆಕ್ಕಕ್ಕೆ ಹೊಂದಿದೆಯೇ ಎಂಬುದನ್ನು ಕಿವಿಗಿಂತ ಮೊದಲು ಮೀಟರು ಹೇಳಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಇಂಪೀಡೆನ್ಸಿನ ಒಂದೇ ಶಿಖರ 46.5 ಹರ್ಟ್ಸ್ ಆಸುಪಾಸಿನಲ್ಲಿ ಕಾಣಬೇಕು. ನಾಳದ ಪೆಟ್ಟಿಗೆಯಲ್ಲಿ ಎರಡು ಶಿಖರಗಳಿರುತ್ತವೆ. ಇಲ್ಲಿಯ ಉದಾಹರಣೆಯಲ್ಲಿ ಸುಮಾರು 14 ಮತ್ತು 44 ಹರ್ಟ್ಸ್. ಅವುಗಳ ನಡುವಿನ ಕಣಿವೆಯ ತಳವೇ ನಾಳದ ಶ್ರುತಿ. ತಳ 25ಕ್ಕಿಂತ ಮೇಲಿದ್ದರೆ ನಾಳ ಗಿಡ್ಡವಾಗಿದೆ ಎಂದರ್ಥ. ಕೆಳಗಿದ್ದರೆ ಕತ್ತರಿಸಿ ಸರಿಪಡಿಸಬಹುದು. ಆದ್ದರಿಂದ ನಾಳವನ್ನು ಮೊದಲು ತುಸು ಉದ್ದವಾಗಿಯೇ ಇಡುವುದು ಜಾಣತನ.

ಮುಚ್ಚಿದ ಪೆಟ್ಟಿಗೆಯ ಸೋರಿಕೆಯನ್ನು ಕೈಯಿಂದಲೇ ಪರೀಕ್ಷಿಸಬಹುದು. ಪೊರೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದಾಗ ಎದುರೊತ್ತು ಕೆಲಕಾಲ ಉಳಿಯಬೇಕು. ಕೂಡುಗಳ ಬಳಿ ಹಿಡಿದ ಊದುಬತ್ತಿಯ ಹೊಗೆ ಕದಲಿದರೆ ಅಲ್ಲಿ ಬಿರುಕಿದೆ.

ಕೋಣೆ ಮತ್ತು ನೆರೆಹೊರೆ

ಪೆಟ್ಟಿಗೆಯ ಲೆಕ್ಕ ಪೆಟ್ಟಿಗೆಯಲ್ಲಿ ಮುಗಿಯುವುದಿಲ್ಲ. 5 ಮೀಟರ್ ಉದ್ದದ ಕೋಣೆಯ ಮೊದಲ ಅನುರಣನ ಸುಮಾರು 34 ಹರ್ಟ್ಸ್. ಆ ಆವೃತ್ತಿ ಗೋಡೆಯ ಬಳಿ ಉಬ್ಬುತ್ತದೆ, ಕೋಣೆಯ ನಡುವೆ ಅಡಗುತ್ತದೆ. ಸಮತಲವಾಗಿ ಅಳೆದು ಕಟ್ಟಿದ ಪೆಟ್ಟಿಗೆಯೂ ತಪ್ಪು ಮೂಲೆಯಲ್ಲಿ ಗುಂಯ್‌ಗುಡಬಹುದು. ಜಾಗ ಬದಲಿಸಿ ನೋಡುವುದು ಅತ್ಯಂತ ಅಗ್ಗದ ಸುಧಾರಣೆ.

ಗೋಡೆಯ ಆಚೆಗಿನ ಪರಿಣಾಮವೂ ವಿಚಾರಾರ್ಹ. ಭಾರತದಲ್ಲಿ 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ವಿಧಿಸಿವೆ. ಇವು ಕಿವಿಯ ಸಂವೇದನೆಗೆ ಅನುಗುಣವಾಗಿ ತೂಗಿದ ಎ ಶ್ರೇಣಿಯ ಅಳತೆಗಳು. ಈ ತೂಗುವಿಕೆಯಲ್ಲಿ 25 ಹರ್ಟ್ಸ್ ಧ್ವನಿಯಿಂದ ಸುಮಾರು 45 ಡೆಸಿಬೆಲ್ ಕಳೆಯಲಾಗುತ್ತದೆ. ಅಂದರೆ ಮೇಲೆ ಲೆಕ್ಕಹಾಕಿದ 100 ಡೆಸಿಬೆಲ್‌ನ ಶುದ್ಧ ಮಂದ್ರ ಧ್ವನಿಯನ್ನು ಮಾಪಕ ಸುಮಾರು 55 ಎಂದು ತೋರಿಸುತ್ತದೆ. ಕಿಟಕಿಯ ಗಾಜು, ಬಾಗಿಲ ಹಲಗೆ ನಡುಗುವಷ್ಟಿರುವ ಕಂಪನ ಕಾಗದದ ಮೇಲೆ ಹಗಲಿನ ಮಿತಿಯ ಅಂಚಿನಲ್ಲಿಯೇ ಉಳಿಯಬಹುದು. ಸಾಮಾನ್ಯ ಗೋಡೆಗಳು ತಾರ ಧ್ವನಿಯನ್ನು ತಡೆದಷ್ಟು ಮಂದ್ರ ಧ್ವನಿಯನ್ನು ತಡೆಯುವುದಿಲ್ಲ. ಮಾಪಕ ಹೇಳದಿದ್ದರೂ ಪಕ್ಕದ ಮನೆಯವರಿಗೆ ಅದು ಗೊತ್ತಾಗುತ್ತದೆ. ಆಳವಾದ ಧ್ವನಿಯನ್ನು ಕಟ್ಟುವ ವಿದ್ಯೆಯೊಡನೆ ಈ ಅರಿವೂ ಸೇರಿರಬೇಕು.

ಉಪಸಂಹಾರ

1925ರಿಂದ 1973ರವರೆಗಿನ ಅರ್ಧ ಶತಮಾನದಲ್ಲಿ ಧ್ವನಿವರ್ಧಕದ ಪೆಟ್ಟಿಗೆಯು ಪೀಠೋಪಕರಣದ ಸ್ಥಾನದಿಂದ ಲೆಕ್ಕಹಾಕಿ ಕಟ್ಟುವ ಉಪಕರಣದ ಸ್ಥಾನಕ್ಕೆ ಬಂತು. ಅಂದು ಕೋಷ್ಟಕ ನೋಡಿ ಕೈಯಿಂದ ಮಾಡುತ್ತಿದ್ದ ಲೆಕ್ಕವನ್ನು ಇಂದು ಕಂಪ್ಯೂಟರ್ ಕ್ಷಣಾರ್ಧದಲ್ಲಿ ಮಾಡುತ್ತದೆ. ಆದರೆ ಕಂಪ್ಯೂಟರಿಗೆ ಒದಗಿಸಬೇಕಾದ ಅಳತೆಗಳು ಅವೇ, ಅದು ಕೊಡುವ ಉತ್ತರದ ಹಿಂದಿನ ನಿಯಮವೂ ಅದೇ. ಪೆಟ್ಟಿಗೆಯನ್ನು ಮೊದಲು ಕಟ್ಟಿಸಿ ಆಮೇಲೆ ಸ್ಪೀಕರನ್ನು ಹುಡುಕುವ, ಇಲ್ಲವೆ ಕಂಡ ಪೆಟ್ಟಿಗೆಯ ಹೊರ ಅಳತೆಯನ್ನು ನಕಲು ಮಾಡಿ ಬೇರೊಂದು ಸ್ಪೀಕರನ್ನು ಕೂರಿಸುವ ರೂಢಿ ಫಲಕೊಡದಿರುವುದು ಇದರಿಂದಲೇ. ಒಂದು ಸ್ಪೀಕರಿಗೆ ಸರಿಹೊಂದಿದ 60 ಲೀಟರ್ ಇನ್ನೊಂದಕ್ಕೆ ಹೊಂದಬೇಕಿಲ್ಲ. ಮೊದಲು ಅಳತೆ, ಬಳಿಕ ಆಯ್ಕೆ, ಕೊನೆಯಲ್ಲಿ ಗರಗಸ ಎಂಬ ಕ್ರಮವನ್ನು ಪಾಲಿಸಿದರೆ ಸಾಧಾರಣ ಸಲಕರಣೆಗಳುಳ್ಳ ಬಡಗಿಯೂ ಲೆಕ್ಕಕ್ಕೆ ತಕ್ಕ ಧ್ವನಿ ಕೊಡುವ ಪೆಟ್ಟಿಗೆಯನ್ನು ಕಟ್ಟಬಲ್ಲ.